ಕೈ ತೆಗೆಯುವ ವಿದ್ಯೆ



ಕಳೆದ ದೀಪಾವಳಿಯಲ್ಲಿ ರಾಯಬಾಗದ ಕಡೆಯ ಹಳೆಯ ಶಿಷ್ಯನೊಬ್ಬ ಚಿಕ್ಕೋಡಿಯ ನಮ್ಮ ಮನೆಗೆ ಬಂದಿದ್ದನು. ವಾಯುಸೇನೆಯಲ್ಲಿ ವಿಮಾನ ಹಾರಿಸಿ, ಮುಂದೆ ಹೊಸ ಚಾಲಕರ ಶಿಕ್ಷಕನಾಗಿ ನಿವೃತ್ತನಾದವನು. ನಾನೂ ಶಿಕ್ಷಕ, ಅವನೂ ಶಿಕ್ಷಕ. ಮಾತು ಕಲಿಸುವಿಕೆಯ ಕಡೆಗೇ ಹೊರಳಿತು.

ಅವನು ಕಲಿಸಿದ್ದು ಎಚ್.ಎ.ಎಲ್.ನ ‘ಕಿರಣ’ ವಿಮಾನದಲ್ಲಿ. 1964ರಲ್ಲಿ ಮೊದಲು ಹಾರಿದ ಈ ವಿಮಾನಕ್ಕೂ ನಮ್ಮ ಸೀಮೆಗೂ ನಂಟುಂಟು. ಅದರ ವಿನ್ಯಾಸವನ್ನು ಆರಂಭಿಸಿದವರು ಡಾ. ವಿ. ಎಂ. ಘಾಟಗೆ. ಹುಟ್ಟೂರು ಸಂಕೇಶ್ವರದಾಚೆ, ಗಡಹಿಂಗ್ಲಜ ತಾಲೂಕಿನ ಹಸೂರಚಂಪು. ಜರ್ಮನಿಯಲ್ಲಿ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿಯ ಬಳಿ ಕಲಿತು ಬಂದ ಅವರು, 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಜನಕರೂ ಹೌದು. 1996ರಲ್ಲಿ ಬೀದರಿನಲ್ಲಿ ಹುಟ್ಟಿದ ‘ಸೂರ್ಯಕಿರಣ’ ತಂಡ 2011ರವರೆಗೆ ಕಸರತ್ತು ತೋರಿದ್ದು ಈ ಕಿರಣದಲ್ಲಿಯೇ. ಈಗ ಆ ತಂಡ ಹಾಕ್ ವಿಮಾನ ಹಾರಿಸುತ್ತದೆ.

ಕಿರಣದಲ್ಲಿ ಗುರುಶಿಷ್ಯರು ಅಕ್ಕಪಕ್ಕ ಕೂಡುತ್ತಾರೆ. ನೇರ ಹಾರಾಟ ಕೈಗೂಡಿದ ಮೇಲೆ ಕಸರತ್ತಿನ ಪಾಠ. ಲೂಪ್ ಎಂದರೆ ವೇಗ ಗಳಿಸಿ, ಮೂಗನ್ನು ಮೇಲೆತ್ತಿ, ಆಕಾಶದಲ್ಲಿ ನಿಲುವಾಗಿ ಬಳೆ ಬರೆಯುವುದು. ಆಗ ದೇಹ ಮೂರು ನಾಲ್ಕು ಪಟ್ಟು ಭಾರವಾಗಿ, ತಲೆಯ ರಕ್ತ ಕೆಳಗಿಳಿದು ದೃಷ್ಟಿ ಮಸುಕಾಗಬಹುದು. ಕಾಲು, ಹೊಟ್ಟೆಗಳ ಸ್ನಾಯುಗಳನ್ನು ಬಿಗಿಹಿಡಿಯಬೇಕು. ಆದರೆ ಲೂಪಿಗಿಂತ ಮೊದಲು ಕಲಿಯಬೇಕಾದದ್ದು ಸ್ಪಿನ್. ರೆಕ್ಕೆ ಗಾಳಿಗೆ ಅತಿಯಾಗಿ ಓರೆಯಾದಾಗ ಮೇಲೆತ್ತುವ ಬಲ ಕುಸಿಯುತ್ತದೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸೋತರೆ ವಿಮಾನ ಗಿರಗಿರನೆ ತಿರುಗುತ್ತ ಬೀಳತೊಡಗುತ್ತದೆ.

“ಆವಾಗ ಹುಡುಗನ ಕೈ ತಾನಽ ಕೋಲು ಹಿಂದಕ್ಕ ಜಗ್ಗತೈತ್ರಿ ಸರ್. ಜಗ್ಗಿದಷ್ಟೂ ಕೆಡತೈತಿ. ಮೊದಲು ಎಂಜಿನ್ ಸೌಕಾಶ ಮಾಡಬೇಕು, ತಿರುಗೂದರ ಎದುರು ರಡ್ಡರ್ ಒತ್ತಬೇಕು, ಕೋಲು ಮುಂದಕ್ಕ ತಳ್ಳಬೇಕು, ಅಂದ್ರ ನೆಲದ ಕಡೇನಽ! ತಿರುಗೂದು ನಿಂತ ಮ್ಯಾಲೆ ರಡ್ಡರ್ ಬಿಟ್ಟು ಹಗೂರಕ ಮ್ಯಾಲೆ ತರಬೇಕು.”

“ಆ ಹೊತ್ತಿನಲ್ಲಿ ನೀನೇನು ಮಾಡುತ್ತಿದ್ದೆ?” ಎಂದೆ.

“ಸುಮ್ಮನ ಕೂಡ್ತಿದ್ದೆ ಸರ್. ಕೋಲಿನ ಹತ್ರ ಕೈ ಇರತೈತಿ, ಕೋಲಿನ ಮ್ಯಾಲೆ ಇರಂಗಿಲ್ಲ. ಇಂಥಾ ಎತ್ತರದ ತನಕಾ ಬಿಡೂದು ಅಂತ ಮೊದಲಽ ಗೊತ್ತು ಮಾಡಿರ್ತೀವಿ. ಅದಕ್ಕಿಂತ ಕೆಳಗ ಬಂದ್ರ ‘ನಾ ತಗೊಂಡೆ’ ಅಂತೀವಿ. ಅವ ತಕ್ಷಣ ಬಿಡಬೇಕು. ಅವಸರ ಮಾಡಿ ಕಸಗೊಂಡ್ರ ಹುಡುಗ ಕಲಿಯಂಗಿಲ್ಲ, ಹೆದರಿಕೆ ಅಷ್ಟಽ ಕಲೀತಾನ.”

ನಮ್ಮ ಹಿರಿಯರು ಬಾವಿಯಲ್ಲಿ ಈಜು ಕಲಿಸಿದ್ದೂ ಹೀಗೆಯೇ. ಸೊಂಟಕ್ಕೆ ಹಗ್ಗವಿರುತ್ತಿತ್ತು, ಆದರೆ ಅದು ಸಡಿಲವಾಗಿರುತ್ತಿತ್ತು.

ಅವನು ಹೋದ ಮೇಲೆ ನನಗೆ ನಿದ್ರೆ ಬರಲಿಲ್ಲ. ಅಥಣಿ ಕಡೆಯ ಶಾಲೆಯಲ್ಲಿದ್ದಾಗ ಒಬ್ಬ ಹುಡುಗಿ ಫಲಕದ ಮುಂದೆ ಪೈಥಾಗೊರಸನ ಪ್ರಮೇಯ ಸಾಧಿಸುತ್ತಿದ್ದಳು. ನಡುವೆ ಒಂದು ರೇಖೆ ತಪ್ಪಿತು. ಅವಳು ನಿಂತು ಯೋಚಿಸುತ್ತಿದ್ದಳು. ಘಂಟೆ ಬಾರಿಸುವ ಹೊತ್ತಾಗಿತ್ತೆಂದು ನಾನು ಅವಳ ಕೈಯ ಸುಣ್ಣದ ಕಡ್ಡಿ ಕಸಿದುಕೊಂಡು ಪ್ರಮೇಯ ಮುಗಿಸಿದೆ. ಆ ವರ್ಷ ಅವಳು ಮತ್ತೆ ಫಲಕದ ಬಳಿ ಬರಲಿಲ್ಲ. ಕರೆದರೆ ತಲೆ ತಗ್ಗಿಸುತ್ತಿದ್ದಳು. ಅದನ್ನು ಅವಳ ಸಂಕೋಚವೆಂದು ತಿಳಿದೆ. ನನ್ನ ತಪ್ಪೆಂದು ತಿಳಿಯಲಿಲ್ಲ. ಅಲ್ಲಿ ನೆಲಕ್ಕೆ ಬೀಳುವ ಭಯವೂ ಇರಲಿಲ್ಲ. ಇದ್ದದ್ದು ಐದು ನಿಮಿಷದ ಅವಸರ ಮಾತ್ರ. ಕೋಲು ಜಗ್ಗುವುದು ಕಲಿಯುವವನ ಸಹಜ ತಪ್ಪಾದರೆ, ಕಸಿಯುವುದು ಕಲಿಸುವವನ ಸಹಜ ತಪ್ಪು.

ತಂಗೀ, ನೀನು ಇದನ್ನು ಓದಿದರೆ ಒಮ್ಮೆ ಚಿಕ್ಕೋಡಿಗೆ ಬಾ. ಮೊಮ್ಮಕ್ಕಳ ಫಲಕ ಪಡಸಾಲೆಯಲ್ಲಿದೆ. ಪ್ರಮೇಯವನ್ನು ಮುಗಿಸುವೆಯಂತೆ. ಎಷ್ಟು ಹೊತ್ತಾದರೂ ಆಗಲಿ, ನಾನು ಕೈಕಟ್ಟಿ ಕುಳಿತಿರುತ್ತೇನೆ.