ಗಡಿ ದಾಟಿ ಬರುವ ಡೀಸೆಲ್ ಗಾಡಿ

ನಿಪ್ಪಾಣಿ, ಚಿಕ್ಕೋಡಿ ಕಡೆಯ ಮನೆಗಳಿಗೆ ದೊಡ್ಡ ಗಾಡಿ ಬೇಕಾಗುವುದು ಬೀಗರು ನೆಂಟರ ಸಲುವಾಗಿ. ಮಗಳನ್ನು ಕಾಗಲಕ್ಕೆ ಕೊಟ್ಟಿರುತ್ತಾರೆ, ಸೊಸೆಯನ್ನು ಇಚಲಕರಂಜಿಯಿಂದ ತಂದಿರುತ್ತಾರೆ. ಸವದತ್ತಿ ಎಲ್ಲಮ್ಮನಿಗೂ ನಡೆದುಕೊಳ್ಳಬೇಕು, ಕೊಲ್ಹಾಪುರದಾಚೆಯ ಜೋತಿಬಾನ ಗುಡ್ಡಕ್ಕೂ ಹೋಗಬೇಕು. ಅಜ್ಜಿ, ಮಕ್ಕಳು, ಬುತ್ತಿಗಂಟು ಎಲ್ಲ ಸೇರಿ ಹೊರಟರೆ ಸಣ್ಣ ಕಾರು ಸಾಲದು. ಹೊಸದಕ್ಕೆ ಕೈ ಹಾಕಲಾಗದವರು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ಹುಡುಕುತ್ತಾರೆ. ಆಗ ಕಣ್ಣಿಗೆ ಬೀಳುವುದರಲ್ಲಿ ಬಹಳಷ್ಟು ಮಹಾರಾಷ್ಟ್ರದ ಎಂಎಚ್-09, ಎಂಎಚ್-10 ಪಾಸಿಂಗಿನ ಗಾಡಿಗಳೇ.

ಇಂಥ ಗಾಡಿ ಆರಿಸುವಾಗ ಮಾಡೆಲ್ಲಿಗಿಂತ ಅದು ಬಾಳಿ ಬಂದ ಮನೆ ಮುಖ್ಯ ಎಂಬುದು ನನ್ನ ನಂಬಿಕೆ. ಆ ಮನೆಯವರ ಭಾಷೆಯಲ್ಲೇ ಕೂತು ಮಾತಾಡಬಲ್ಲ ಗಡಿಯ ಮಂದಿಗೆ ಇದರಲ್ಲಿ ದೊಡ್ಡ ಅನುಕೂಲವಿದೆ. ಅದನ್ನು ನಾವು ಪೂರ್ತಿ ಬಳಸಿಕೊಳ್ಳಬೇಕು.

ಮೊದಲು ಡೀಸೆಲ್ ಬೇಕೇ ಎಂದು ನೋಡಿಕೊಳ್ಳಿ. ವಾರಕ್ಕೊಮ್ಮೆಯಾದರೂ ಬೆಳಗಾವಿ, ಕೊಲ್ಹಾಪುರದಂಥ ದೂರದ ಓಡಾಟ ಇದ್ದವರಿಗೆ ಅದು ಸರಿ. ಮಕ್ಕಳ ಶಾಲೆ, ಸಂತೆ, ಗುಡಿ ಎಂದು ಊರೊಳಗೇ ಸುತ್ತುವವರಿಗೆ ಪೆಟ್ರೋಲೇ ವಾಸಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಬರೀ ಸಣ್ಣ ಸಣ್ಣ ಓಡಾಟವಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ರಿಪೇರಿಗೆ ಹೊರಟರೆ ಖರ್ಚು ಭಾರಿ.

ಅದೇ 2020ರಲ್ಲಿ ಮಾರುತಿ ಡೀಸೆಲ್ ಕಾರು ಮಾಡುವುದನ್ನು ನಿಲ್ಲಿಸಿತು. ಹೀಗಾಗಿ ನಮ್ಮ ಭಾಗದಲ್ಲಿ ಕೈಬದಲಾಗುವ ಡಿಸೈರ್, ಎರ್ಟಿಗಾ ಡೀಸೆಲ್ಲುಗಳೆಲ್ಲ ಅದಕ್ಕೂ ಹಿಂದಿನವು. ಅವುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಫಿಯೆಟ್ ಮೂಲದ 1248 ಸಿಸಿ ಎಂಜಿನ್. ಟಾಟಾ ವಿಸ್ಟಾ, ಫಿಯೆಟ್ ಪುಂಟೊದಲ್ಲಿದ್ದದ್ದೂ ಅದೇ ಆದ್ದರಿಂದ ಬಿಡಿಭಾಗ ಎಲ್ಲ ಕಡೆ ಸಿಗುತ್ತವೆ, ಕೈ ಹಚ್ಚಬಲ್ಲ ಮಿಸ್ತ್ರಿಗಳೂ ಸಿಗುತ್ತಾರೆ. ಅದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸಿದ್ದರೆ ಚೈನು ಬಹುಕಾಲ ತಾಳುತ್ತದೆ. ಬಿಡದಿಯಲ್ಲಿ ತಯಾರಾದ ಹಳೇ ಇನ್ನೋವಾದ 2494 ಸಿಸಿ ಎಂಜಿನ್ ಗಟ್ಟಿ ಜೀವ. ಆದರೆ ಅದಕ್ಕಿರುವುದು ಟೈಮಿಂಗ್ ಬೆಲ್ಟ್, ಯಾವಾಗ ಬದಲಾಯಿಸಿದರು ಎಂಬುದಕ್ಕೆ ಬಿಲ್ಲು ಕೇಳಲೇಬೇಕು. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿಯೇ ಎಂದೂ ವಿಚಾರಿಸಬೇಕು. ಐದು ಜನರ ಮನೆಯಾದರೆ 1364 ಸಿಸಿಯ ಎಟಿಯಾಸ್ ಸಾಕು. ನೋಡಲು ಸಾದಾ, ಖರ್ಚೂ ಕಡಿಮೆ.

ಕಾಗಲದ ಒಬ್ಬ ಮಾಸ್ತರರ ಎರ್ಟಿಗಾ ನೋಡಲು ನಮ್ಮ ಓಣಿಯ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಬರುತ್ತೇವೆಂದು ಹಿಂದಿನ ದಿನವೇ ಫೋನ್ ಮಾಡಿ, ನಾವು ಮುಟ್ಟುವ ತನಕ ಗಾಡಿ ಚಾಲೂ ಮಾಡಬೇಡಿ ಎಂದು ಕೇಳಿಕೊಂಡಿದ್ದೆವು. ಮಿಸ್ತ್ರಿ ಮಾಸ್ತರರಿಗೆ ಮರಾಠಿಯಲ್ಲಿ ನಮಸ್ಕಾರ ಹೇಳಿ, ನನ್ನ ಕಡೆ ತಿರುಗಿ, "ಬಾನೆಟ್ ಮ್ಯಾಲ ಕೈ ಇಟ್ಟ ನೋಡ್ರಿ ಸರ, ತಣ್ಣಗೈತೇನು?" ಎಂದರು. ತಣ್ಣಗಿತ್ತು. ಡೀಸೆಲ್ ಎಂಜಿನ್ನಿನ ನಿಜಸ್ಥಿತಿ ತಿಳಿಯುವುದು ದಿನದ ಮೊದಲ ಸ್ಟಾರ್ಟಿನಲ್ಲಿ. ಕರಿ ಹೊಗೆ ಕಂಡರೆ ಏರ್ ಫಿಲ್ಟರ್, ಇಂಜೆಕ್ಟರ್ ತಪಾಸಣೆ ಮಾಡಿಸಬೇಕು. ನೀಲಿ ಹೊಗೆ ಬಿಡದೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ, ಟರ್ಬೊ ಇಲ್ಲವೇ ಪಿಸ್ಟನ್ ರಿಂಗಿನ ಕೆಲಸ ಕಾದಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಇಳಿಯುತ್ತಿರಬಹುದು. ಎಂಜಿನ್ ಓಡುತ್ತಿರುವಾಗಲೇ ಮಿಸ್ತ್ರಿ ಆಯಿಲ್ ಮುಚ್ಚಳ ಬಿಚ್ಚಿ ಹಾಗೇ ಮೇಲಿಟ್ಟರು. ರಿಂಗ್ ಸವೆದ ಎಂಜಿನ್ನಾದರೆ ಮುಚ್ಚಳ ಕುಣಿಯುತ್ತದೆ, ಕೆಳಗಿನಿಂದ ಹೊಗೆ ನುಗ್ಗುತ್ತದೆ. ಅದು ಅಲ್ಲಾಡದೆ ಕೂತಿತ್ತು.

ನಮ್ಮ ಭಾಗದಲ್ಲಿ ಇನ್ನೊಂದು ಪರೀಕ್ಷೆ ತಪ್ಪಿಸುವಂತಿಲ್ಲ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಪಂಚಗಂಗಾ, ಕೃಷ್ಣಾ, ವೇದಗಂಗಾ, ದೂಧಗಂಗಾ ಉಕ್ಕಿ ಹರಿದವು. ಮನೆಗಳ ಜೊತೆಗೆ ಗಾಡಿಗಳೂ ಮುಳುಗಿದವು. ಅಂಥ ಗಾಡಿಯನ್ನು ತೊಳೆದು, ಪಾಲಿಶ್ ಹೊಡೆದು, ಹೊಸ ಸೀಟ್ ಕವರ್ ಹಾಕಿದರೆ ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ. ವೈರಿಂಗ್ ಕೈಕೊಡುವುದು ಆಮೇಲೆ. ಮಿಸ್ತ್ರಿ ಹಿಂದಿನ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ಬೆಳಕಿಗೆ ಹಿಡಿದರು. ಒಳಗೆ ಸುತ್ತಿಕೊಂಡ ಆ ಪಟ್ಟಿಯನ್ನು ತೊಳೆಯುವ ಗೊಡವೆಗೆ ಯಾರೂ ಹೋಗುವುದಿಲ್ಲ, ನೀರು ನಿಂತ ಗಾಡಿಯಾದರೆ ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಜಾಗ, ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿ, ಕಾರ್ಪೆಟ್ ಅಡಿಯ ವಾಸನೆ, ಫ್ಯೂಸ್ ಬಾಕ್ಸು ಎಲ್ಲ ನೋಡಿದರು.

ಅಷ್ಟರಲ್ಲಿ ಮಾಸ್ತರರ ಮನೆಯವರು ಚಹಾ ತಂದರು. "ವಹಿನಿ, ಗಾಡಿ ಪುರಾತ್ ಹೋತಿ ಕಾ?" ಎಂದು ನಾನು ನೇರವಾಗಿ ಕೇಳಿದೆ, ಗಾಡಿ ಪ್ರವಾಹಕ್ಕೆ ಸಿಕ್ಕಿತ್ತೇ ಎಂದು. "ನಾಯ್ ಓ, ಆಧೀಚ್ ವರ್ ನೇಲಿ ಹೋತಿ" ಎಂದರು. ಪ್ರವಾಹ ಬರುವ ಮುಂಚೆಯೇ ಎತ್ತರದ ಜಾಗಕ್ಕೆ ಒಯ್ದಿದ್ದರಂತೆ. ಅಲ್ಲಿಂದ ಮಾತು ಬೆಳೆಯಿತು. ಕ್ಲಚ್ ಪ್ಲೇಟ್ ಹಾಕಿಸಿದ್ದು, ಮೈದುನ ಪುಣೆಗೆ ಒಯ್ಯುವಾಗ ಎಡಬದಿಯ ಬಾಗಿಲಿಗೆ ಪೆಟ್ಟು ಬಿದ್ದು ಬಣ್ಣ ಹೊಡೆಸಿದ್ದು, ಎಲ್ಲ ತಾವಾಗಿಯೇ ಹೇಳಿದರು. ಬರೀ ಜಾಹೀರಾತು ನೋಡಿಕೊಂಡು ಹೋದವರಿಗೆ ಈ ಸಂಗತಿಗಳು ಸಿಗುವುದಿಲ್ಲ. ಮನೆಯ ಭಾಷೆಯಲ್ಲಿ ಕೇಳಿದಾಗ ಜನ ಮನೆಯವರಿಗೆ ಹೇಳುವ ಹಾಗೆ ಹೇಳುತ್ತಾರೆ. ಸರ್ವಿಸ್ ಬಿಲ್ಲುಗಳನ್ನು ಆ ಮಾತಿನ ಜೊತೆ ಹೊಂದಿಸಿ ನೋಡಿದರೆ ಮೀಟರಿನ ಕಿಲೋಮೀಟರ್ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಇನ್ನು ಕಾಗದಪತ್ರ. ಗಡಿಯಾಚೆಯ ಗಾಡಿ ಅಗ್ಗವೆಂದು ಕಾಣುವುದು ತೆರಿಗೆ ಲೆಕ್ಕ ಹಾಕುವ ತನಕ ಮಾತ್ರ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೊಸ ನಂಬರ್ ಪಡೆಯಬೇಕು. ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಹೆಸರು ಬದಲಾವಣೆಗೆ 29 ಮತ್ತು 30, ಇಲ್ಲಿ ಚಿಕ್ಕೋಡಿಯ ಕೆಎ-23 ನಂಬರ್ ಆಗಲು ಫಾರ್ಮ್ 27 ಬೇಕು. ಜೊತೆಗೆ ಗಾಡಿಯ ಬೆಲೆ, ವಯಸ್ಸು ನೋಡಿ ನಿಗದಿಯಾಗುವ ಜೀವಾವಧಿ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲು ವಾಪಸ್ ಪಡೆಯಲು ಬೇರೆ ಅರ್ಜಿ ಹಾಕಬೇಕು. ಬ್ಯಾಂಕಿನ ಇಲ್ಲವೇ ಪತಸಂಸ್ಥೆಯ ಸಾಲವಿದ್ದರೆ ಎಚ್‌ಪಿ (ಗಾಡಿಯ ಮೇಲಿನ ಸಾಲದ ನಮೂದು) ಕಟ್ ಆಗಿದೆಯೇ ಎಂದು ಎಂ-ಪರಿವಾಹನ್ ಆ್ಯಪಿನಲ್ಲೇ ನೋಡಬಹುದು. ಆರ್‌ಸಿಯ ಅವಧಿ 15 ವರ್ಷ. 2013ರ ಗಾಡಿ ಕೊಂಡರೆ 2028ರಲ್ಲಿ ನವೀಕರಣ ಬರುತ್ತದೆ, ಆ ಖರ್ಚನ್ನೂ ಸೇರಿಸಿಯೇ ರೇಟು ಮಾತಾಡಿ.

ಹೆಸರು ಬದಲಾವಣೆ ಮಾರುವವರಿಗೂ ಅಷ್ಟೇ ಮುಖ್ಯ. ಅಪಘಾತವಾದರೆ ನೋಂದಣಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನು ಮರಾಠಿಯಲ್ಲಿ ತಿಳಿಸಿ ಹೇಳಿದ ಮೇಲೆ ಮಾಸ್ತರರು ಎನ್‌ಒಸಿಗೆ ತಾವೇ ಓಡಾಡಿದರು.

ಗಡಿಯ ಎರಡೂ ಕಡೆಯ ಆರ್‌ಟಿಒ ಕಚೇರಿಗಳು ನಂಬರ್, ಹೆಸರು ಬದಲಾವಣೆಯ ಈ ಕ್ರಮವನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದು ಹಾಕಬೇಕೆಂಬುದು ನನ್ನ ಬೇಡಿಕೆ. ಅದರಿಂದ ಸಾವಿರಾರು ಮನೆಗಳು ಏಜೆಂಟರ ಹಂಗಿಲ್ಲದೆ ಗಾಡಿ ಕೊಳ್ಳಬಹುದು. ಅಲ್ಲಿಯ ತನಕ ಆ ಕೆಲಸ ನಾವು ಮಾಡೋಣ. ಎರಡೂ ಭಾಷೆ ಬಲ್ಲವರು ನೆರೆಯವರ ಜೊತೆ ಗಾಡಿ ನೋಡಲು ಹೋಗಿ, ಅವರ ಪರವಾಗಿ ಕೇಳಿ, ಕಾಗದ ಓದಿ ಹೇಳಿ. ಕಾಗದದಲ್ಲಿ ಏನಿದೆ ಎಂದು ಪೂರ್ತಿ ತಿಳಿಯುವ ತನಕ ಸಂಚಕಾರ ಕೊಡಲು ಬಿಡಬೇಡಿ.