ಮಾವಿನ ನಾಡಿನಲ್ಲಿ ಮಾಗಿಯ ಚಳಿ

ಕೋಲಾರದಿಂದ ಶ್ರೀನಿವಾಸಪುರಕ್ಕೆ ಸುಮಾರು 25 ಕಿಲೋಮೀಟರ್. ಬಸ್ಸು ಹೊರಟು ಸ್ವಲ್ಪ ದೂರ ಸಾಗುವುದರೊಳಗೆ ರಸ್ತೆಯ ಇಕ್ಕೆಲಗಳಲ್ಲೂ ಮಾವಿನ ತೋಪುಗಳು ಕಾಣತೊಡಗುತ್ತವೆ. ಕೆಂಪು ಮಣ್ಣು, ನಡುನಡುವೆ ಬಂಡೆಗುಡ್ಡ, ಅಲ್ಲೊಂದು ಇಲ್ಲೊಂದು ಕೆರೆಯ ಏರಿ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಹಿಂದೆ ಪಾಪನಪಲ್ಲಿ ಎಂಬ ಹೆಸರಿದ್ದ, ತೆಲುಗು ಬೆರೆತ ಕನ್ನಡದ ಈ ಊರನ್ನು ಇಂದು ನಾಡು ಗುರುತಿಸುವುದು ಮಾವಿನಿಂದಲೇ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ ಇಲ್ಲಿ ಬೆಳೆಯುತ್ತದೆ.

ಸಾಮಾನ್ಯವಾಗಿ ಜನ ಈ ಊರಿಗೆ ಬರುವುದು ಮೇ ತಿಂಗಳಲ್ಲಿ, ಹಣ್ಣಿನ ಆಸೆಗೆ. ಆದರೆ ಮಾವಿನ ಗುಟ್ಟು ತಿಳಿಯಬೇಕೆನ್ನುವವರು ಬರಬೇಕಾದದ್ದು ಡಿಸೆಂಬರ್ ಕೊನೆಗೆ ಅಥವಾ ಜನವರಿಯಲ್ಲಿ. ಆ ವರ್ಷದ ಫಸಲಿನ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಆಗಲೇ.

ಮಾವಿನ ಕೊಂಬೆಯ ತುದಿಯಲ್ಲಿರುವ ಮೊಗ್ಗಿಗೆ ಎರಡು ದಾರಿಗಳಿವೆ. ಅದು ಎಲೆಯಾಗಿ ಚಿಗುರಬಹುದು ಇಲ್ಲವೇ ಹೂಗೊಂಚಲಾಗಿ ಅರಳಬಹುದು. ಮಣ್ಣು ಒಣಗಿ, ರಾತ್ರಿಯ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದು, ಕೆಲವು ವಾರ ಹಾಗೆಯೇ ಇದ್ದರೆ ಬಲಿತ ಕೊಂಬೆ ಹೂವಿನ ದಾರಿ ಹಿಡಿಯುತ್ತದೆ. ಮಣ್ಣಿನಲ್ಲಿ ತೇವವಿದ್ದು ಹವೆ ಬೆಚ್ಚಗಿದ್ದರೆ ಕೆಂಪು ಚಿಗುರು ಬರುತ್ತದೆ. ನೋಡಲು ಅದು ಬಲು ಚೆಂದ. ತೋಟದವರಿಗೆ ಮಾತ್ರ ಅದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಈ ಸೀಮೆಗೆ ಮಾಗಿಯ ಚಳಿ ಸಹಜವಾಗಿ ಸಿಗುತ್ತದೆ. ಮಳೆಯಾಶ್ರಯದ ಒಣ ಭೂಮಿಯೂ ಇದೆ. ಬರಗಾಲದ ಜಿಲ್ಲೆ ಎಂದು ಮರುಗುವವರು ಗಮನಿಸಬೇಕಾದ ಸಂಗತಿ ಇದು. ಭತ್ತಕ್ಕೆ ಶಾಪವಾದ ಒಣ ಹವೆಯೇ ಮಾವಿಗೆ ವರ.

ತೊಂದರೆ ಬರುವುದು ಬಂಗಾಳ ಕೊಲ್ಲಿಯಿಂದ. ಅಲ್ಲಿ ವಾಯುಭಾರ ಕುಸಿದರೆ ನವೆಂಬರಿನಲ್ಲೂ ಡಿಸೆಂಬರಿನಲ್ಲೂ ಕೋಲಾರದ ಮೇಲೆ ಮಳೆ ಸುರಿಯುತ್ತದೆ. 2021ರ ನವೆಂಬರಿನಲ್ಲಿ ಹೀಗೆಯೇ ಆಯಿತು. ಕೆರೆಗಳು ಕೋಡಿ ಬಿದ್ದವು, ಊರಿಗೆ ಊರೇ ಸಂಭ್ರಮಿಸಿತು. ಮಾವಿನ ಮರಗಳೋ ಹೂ ಬಿಡಬೇಕಾದ ಹೊತ್ತಿನಲ್ಲಿ ಚಿಗುರಿದವು. 2022ರ ಫಸಲು ತಡವಾಯಿತು, ಇಳುವರಿಯೂ ಇಳಿಯಿತು. ಒಂದೇ ಮಳೆ ಕೆರೆಗೆ ಹಬ್ಬ, ತೋಪಿಗೆ ಪೆಟ್ಟು.

ಹೂ ಬಂದರೂ ನಿಶ್ಚಿಂತೆಯಿಲ್ಲ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳು. ಅವುಗಳಲ್ಲಿ ಹೆಚ್ಚಿನವು ಬರೀ ಗಂಡು ಹೂಗಳು. ಕಾಯಾಗಬಲ್ಲವು ದ್ವಿಲಿಂಗಿ ಹೂಗಳು ಮಾತ್ರ. ಅವುಗಳಲ್ಲೂ ಬಹುಪಾಲು ಉದುರಿ, ಕೊನೆಗೆ ಗೊಂಚಲಿಗೆ ಒಂದೆರಡು ಕಾಯಿ ನಿಂತರೆ ಅದೇ ಭಾಗ್ಯ. ಪರಾಗಸ್ಪರ್ಶ ಮಾಡುವುದು ಮುಖ್ಯವಾಗಿ ನೊಣಗಳು ಎಂದರೆ ಮಕ್ಕಳು ನಂಬುವುದಿಲ್ಲ! ಚಳಿ ಅತಿಯಾದರೂ, ಮಳೆ ಹನಿದರೂ ಈ ಕೀಟಗಳ ಓಡಾಟ ನಿಲ್ಲುತ್ತದೆ. ಮೋಡ ಕವಿದು ಇಬ್ಬನಿ ಬಿದ್ದರೆ ಹೂವಿನ ಮೇಲೆ ಬೂದಿ ರೋಗ. ಜೊತೆಗೆ ಜಿಗಿ ಹುಳು ರಸ ಹೀರಿ ಅಂಟು ಸುರಿಸುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಏಪ್ರಿಲ್‌ನ ಮಳೆಯ ಮಾತು ಬೇರೆ. ಹದವಾಗಿ ಬಿದ್ದರೆ ಕಾಯಿ ದಪ್ಪವಾಗುತ್ತದೆ, ಆಲಿಕಲ್ಲು, ಬಿರುಗಾಳಿಯೊಂದಿಗೆ ಬಂದರೆ ಅರ್ಧ ಗಂಟೆಯಲ್ಲಿ ತೋಪಿನ ನೆಲವೆಲ್ಲ ಕಾಯಿ.

ಈ ಜೂಜಿಗೆ ಒಂದು ವ್ಯವಹಾರದ ಮುಖವೂ ಇದೆ. ಎಷ್ಟೋ ತೋಪುಗಳನ್ನು ಹೂವಿನ ಹಂತದಲ್ಲೇ ವ್ಯಾಪಾರಿಗಳು ಗುತ್ತಿಗೆಗೆ ಹಿಡಿಯುತ್ತಾರೆ. ಮುಂದಿನ ಹವಾಮಾನದ ಭಾರ ಅವರದು, ಮುಂಗಡ ಹಣ ರೈತನದು. ಜೂನ್‌ನಲ್ಲಿ ಶಾಲೆಯ ಶುಲ್ಕ, ಪುಸ್ತಕದ ಖರ್ಚು ಎದುರಾಗುವ ಮನೆಗಳಲ್ಲಿ ಕೈಗೆ ಬಂದ ಆ ಹಣ ದೊಡ್ಡದೇ. ಒಳ್ಳೆಯ ವರ್ಷದ ಲಾಭ ಮಾತ್ರ ಆಗ ಮತ್ತೊಬ್ಬರ ಪಾಲು.

ಇನ್ನು ಹವೆ ಒಲಿದ ವರ್ಷ ಬದುಕು ಹಸನಾಯಿತೇ ಎಂದರೆ ಅದೂ ಖಚಿತವಿಲ್ಲ. ತೋತಾಪುರಿಯ ಬಹುಭಾಗ ಹೋಗುವುದು ನೆರೆಯ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿಗೆ ತಡೆ ಹಾಕಿತು. ಬೆಲೆ ಕುಸಿದು, ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ಬಳಿಕ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ಮಾರುಕಟ್ಟೆ ಮಧ್ಯಪ್ರವೇಶ ದರವನ್ನು ಗೊತ್ತುಮಾಡಿತು. ಬಂಗಾಳ ಕೊಲ್ಲಿ ಆ ಬಾರಿ ನಿರಪರಾಧಿ.

ಜುಲೈನಲ್ಲಿ ದೋಟಿಯ ಬಲೆಗೆ ಕೊನೆಯ ನೀಲಂ ಬಿದ್ದು, ಮಂಡಿಯ ಲಾರಿಗಳು ತೆರಳಿದ ಮೇಲೆ ಪೇಟೆ ಮಂಕಾಗುತ್ತದೆ. ತೋಪುಗಳಲ್ಲಿ ಒಣಕೊಂಬೆ ಸವರಿ, ಬುಡಕ್ಕೆ ಗೊಬ್ಬರ ಹಾಕುವ ಕೆಲಸ. ಮುಂಗಾರು ಹನಿಗಳಿಗೆ ಆಗ ಮೂಡುವ ಚಿಗುರು ಮಾಗಿಯ ಹೊತ್ತಿಗೆ ಬಲಿತಿರಬೇಕು. ಮುಂದಿನ ವರ್ಷದ ಹೂ ಬರಬೇಕಾದದ್ದು ಅದರ ತುದಿಯಲ್ಲಿ.