ಕುಂಕುಮದ ಕೆಂಪು

ಬಣ್ಣದ ವಿಷಯದಲ್ಲಿ ನಮ್ಮ ಜನ ಸುಲಭಕ್ಕೆ ರಾಜಿಯಾಗುವವರಲ್ಲ. ಸೀರೆ ಅಂಗಡಿಗೆ ಹೋದವರು ಸೆರಗು ಹಿಡಿದುಕೊಂಡು ಟ್ಯೂಬ್‌ಲೈಟಿನ ಕೆಳಗಿನಿಂದ ಬೀದಿಯ ಬಿಸಿಲಿಗೆ ಬಂದು ನೋಡುತ್ತಾರೆ. ಕನಕಾಂಬರದ ಬಣ್ಣ ಬೇರೆ, ಕಿತ್ತಳೆ ಬೇರೆ. ಗಿಳಿಹಸಿರು ಬೇರೆ, ಪಾಚಿಹಸಿರು ಬೇರೆ. ಇನ್ನು ಮದುವೆಯ ಕರೆಯೋಲೆಯ ಕೆಂಪು ಎಂದರೆ ಕುಂಕುಮದ ಕೆಂಪೇ ಆಗಬೇಕು. ಅದು ಒಂದು ಗುಲಗಂಜಿಯಷ್ಟು ಆಚೆ ಹೋದರೆ ಇಟ್ಟಿಗೆಯಾಗುತ್ತದೆ, ಈಚೆ ಬಂದರೆ ದಾಸವಾಳವಾಗುತ್ತದೆ. ಈ ಸತ್ಯವನ್ನು ಅರಿಯದೆ ಮುದ್ರಣದ ಕಸುಬಿಗೆ ಇಳಿದವನು ಬೇಗ ಅಂಗಡಿ ಮುಚ್ಚಬೇಕಾಗುತ್ತದೆ.

ನಾನು ಲೆಕ್ಕ ಬರೆಯುತ್ತಿದ್ದ ಮುದ್ರಣಾಲಯ ರಾಜಾಜಿನಗರದಲ್ಲಿತ್ತು. ಲಗ್ನಪತ್ರಿಕೆ, ದೇವಸ್ಥಾನದ ಕರಪತ್ರ, ಊದುಬತ್ತಿಯ ಲೇಬಲ್ಲು, ಇವು ನಮ್ಮ ಅನ್ನ. ಇದ್ದದ್ದು ಒಂದು ಬಣ್ಣದ ಆಫ್‌ಸೆಟ್ ಯಂತ್ರ. ನಾಲ್ಕು ಬಣ್ಣದ ಕೆಲಸವೆಂದರೆ ಅದೇ ಕಾಗದವನ್ನು ನಾಲ್ಕು ಸಲ ಹಾಯಿಸಬೇಕು. ಗಿರಾಕಿಗೆ ಮೊದಲೇ ಬಣ್ಣ ತೋರಿಸುವುದಕ್ಕೆ ನಮ್ಮಲ್ಲಿದ್ದ ಸಾಧನ ಕಂಪ್ಯೂಟರಿನ ಪರದೆ ಒಂದೇ. ಅಕ್ಷರ ತಿದ್ದುವುದಕ್ಕೆ ಲೇಸರ್ ಮುದ್ರಕದ ಕಪ್ಪು ಬಿಳುಪು ಪ್ರೂಫು.

1999ರಲ್ಲಿ ಬಸವೇಶ್ವರನಗರದ ಒಂದು ಮನೆಯವರು ಸಾವಿರ ಲಗ್ನಪತ್ರಿಕೆ ತಿರುಗಿಸಿ ಕಳಿಸಿದರು. "ಸ್ವಾಮಿ, ನೀವು ತೋರಿಸಿದ್ದು ಕುಂಕುಮ, ಕೊಟ್ಟಿರೋದು ಇಟ್ಟಿಗೆ" ಎಂದರು. ಯಜಮಾನರು ಮೆಷಿನ್‌ಮನ್‌ನನ್ನು ಕರೆದು, "ಏನಪ್ಪಾ ಇದು?" ಎಂದರು. ಅವನು, "ಸಾರ್, ಪ್ಲೇಟಲ್ಲಿ ಏನಿದೆಯೋ ಅದನ್ನೇ ಹೊಡೆದಿದೀನಿ" ಎಂದ. ಪರದೆಯ ಮೇಲಿದ್ದ ಕೆಂಪು ಬೆಳಕಿನದು. ಕಾಗದದ ಮೇಲಿನದು ಮೆಜೆಂಟಾ ಮತ್ತು ಹಳದಿ ಶಾಯಿ ಒಂದರ ಮೇಲೊಂದು ಕೂತದ್ದು. ಇವೆರಡಕ್ಕೂ ಹೋಲಿಕೆ ಮಾಡಲು ಕಾಗದದ ಸಾಕ್ಷಿಯೇ ಇರಲಿಲ್ಲ. ಸಾಕ್ಷಿ ಇಲ್ಲದ ಕಡೆ ತಪ್ಪು ಯಾವಾಗಲೂ ಕೆಳಗಿನವನ ತಲೆಗೆ ಇಳಿಯುತ್ತದೆ. ಎರಡು ತಿಂಗಳು ಅವನ ಸಂಬಳದಲ್ಲಿ ದುಡ್ಡು ಹಿಡಿದದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆದವನು ನಾನೇ. ಬರೆದದ್ದು ಯಜಮಾನರ ಅಪ್ಪಣೆ. ಆದರೆ ಆ ಸಾಲಿನ ಮೇಲೆ ಕಣ್ಣು ಬಿದ್ದಾಗಲೆಲ್ಲ ಸಂಕಟವಾಗುತ್ತಿತ್ತು.

ಬಣ್ಣದ ಇಂಕ್‌ಜೆಟ್ ಮುದ್ರಕವೊಂದನ್ನು ಕೊಳ್ಳುವ ಮಾತು ಬಂದದ್ದು ಆಗ. ಯಂತ್ರ ಆರಿಸುವ ಕೆಲಸ ನನಗೂ, ಪ್ರೂಫು ತಿದ್ದುವ ಮೇಷ್ಟರಿಗೂ ಬಿತ್ತು. ಮೇಷ್ಟರು ಹಿಂದೆ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರ ಹೋದ ಮೇಲೆ ಕನ್ನಡಕ ಏರಿಸಿ ಕರಡು ತಿದ್ದಲು ಕೂತವರು. ಇಬ್ಬರೂ ಬಸ್ಸು ಹತ್ತಿ ಎಸ್.ಪಿ. ರಸ್ತೆಗೆ ಹೋದೆವು.

ಅಂಗಡಿಯವರು ಮುದ್ರಕದ ಮಹಿಮೆಯನ್ನು ಚುಕ್ಕೆಗಳ ಲೆಕ್ಕದಲ್ಲಿ ಹೇಳುತ್ತಿದ್ದರು. 1994ರಲ್ಲಿ ಎಪ್ಸನ್ ತನ್ನ ಸ್ಟೈಲಸ್ ಕಲರ್ ತಂದಾಗ ಅಂಗುಲಕ್ಕೆ 720 ಚುಕ್ಕೆ ಎಂಬುದೇ ದೊಡ್ಡ ಸುದ್ದಿ. ಐದು ವರ್ಷದಲ್ಲಿ ಅದು 1440 ಆಗಿ ಪೆಟ್ಟಿಗೆಯ ಮೇಲೆ ಕೂತಿತ್ತು. ಶಾಯಿ ಉಗುಳುವ ವಿದ್ಯೆಯಲ್ಲಿ ಎರಡು ಪಂಥ. ಎಚ್.ಪಿ. ಮತ್ತು ಕ್ಯಾನನ್ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಏಳುವ ಗುಳ್ಳೆಯ ಒತ್ತಡದಿಂದ ಹನಿಯನ್ನು ಚಿಮ್ಮಿಸುತ್ತವೆ. ಶಾಯಿ ತುಂಬಿದ ಸಿರಿಂಜಿಗೆ ಬೆಸುಗೆಯ ಕಾದ ಕಡ್ಡಿ ತಾಗಿ ಹನಿ ಹಾರಿದ್ದನ್ನು ಕಂಡು ಕ್ಯಾನನ್‌ನವರಿಗೆ 1977ರಲ್ಲಿ ಇದು ಹೊಳೆಯಿತಂತೆ. ಎಪ್ಸನ್‌ನದು ವಿದ್ಯುತ್ತು ಹಾಯಿಸಿದರೆ ಮಿಸುಕುವ ಹರಳಿನಿಂದ ಶಾಯಿಯನ್ನು ನೂಕುವ ಕ್ರಮ. ಮೊದಲ ಪಂಥದ ಹಲವು ಮುದ್ರಕಗಳಲ್ಲಿ ಶಾಯಿಯ ಡಬ್ಬಿಯ ಜೊತೆಗೇ ಬಾಯಿಯೂ ಹೊಸದಾಗುತ್ತದೆ. ಎರಡನೆಯದರಲ್ಲಿ ಬಾಯಿ ಯಂತ್ರದ ಜೊತೆಗೇ ಬಾಳಬೇಕು. ಕಟ್ಟಿಕೊಂಡರೆ ರಿಪೇರಿಯ ಖರ್ಚು ಮುದ್ರಕದ ಬೆಲೆಯನ್ನು ಮುಟ್ಟುತ್ತದೆ.

ಮೇಷ್ಟರು ಇದಾವುದಕ್ಕೂ ಕಿವಿಗೊಡಲಿಲ್ಲ. ಅಂಗಡಿಯವರು ಹೂವಿನ ಚಿತ್ರ, ಗಿಣಿಯ ಚಿತ್ರ ಹೊಡೆದು ತೋರಿಸಿದಾಗ ಪಕ್ಕಕ್ಕಿಟ್ಟು, ನಾವೇ ಸಿ.ಡಿ.ಯಲ್ಲಿ ಒಯ್ದಿದ್ದ ಲಗ್ನಪತ್ರಿಕೆಯನ್ನು ಹೊಡೆಯಲು ಹೇಳಿದರು. ಬಂದ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ್ದು ಬಣ್ಣವನ್ನಲ್ಲ, 'ದ'ಕಾರ 'ಧ'ಕಾರಗಳನ್ನು. ಕನ್ನಡದಲ್ಲಿ ಒಂದು ಚಿಕ್ಕ ಗೀಟು ಇದ್ದರೆ ಒಂದು ಅಕ್ಷರ, ಇಲ್ಲದಿದ್ದರೆ ಇನ್ನೊಂದು. 'ಬ'ಕ್ಕೂ 'ಭ'ಕ್ಕೂ ಅದೇ ಕಥೆ. ಸಾದಾ ಕಾಗದದ ಮೇಲೆ ಶಾಯಿ ಹರಡಿದರೆ ಆ ಗೀಟು ಮುಚ್ಚಿಹೋಗುತ್ತದೆ, ಸೊನ್ನೆಯ ಹೊಟ್ಟೆ ತುಂಬುತ್ತದೆ, ಒತ್ತಕ್ಷರ ಬರಿಯ ಮಚ್ಚೆಯಾಗುತ್ತದೆ. ಕಪ್ಪನ್ನು ಕಪ್ಪು ಶಾಯಿಯಿಂದಲೇ ಹಾಕದೆ ಮೂರು ಬಣ್ಣ ಬೆರೆಸಿ ಹಾಕುವ ಅಗ್ಗದ ಮುದ್ರಕಗಳಲ್ಲಂತೂ ಅಕ್ಷರಕ್ಕೆ ಕೆಸರಿನ ಅಂಚು. "ವಧುವಿನ ಹೆಸರೇ ಓದಕ್ಕಾಗದಿದ್ರೆ ಗಿಣಿ ಕಟ್ಟಿಕೊಂಡು ಏನಪ್ಪಾ ಮಾಡ್ತೀಯಾ?" ಎಂದರು ಮೇಷ್ಟರು. ನಾಲ್ಕು ಮುದ್ರಕಗಳ ಪೈಕಿ ಎರಡು ಅಲ್ಲಿಯೇ ಬಿದ್ದುಹೋದವು.

ಯಂತ್ರಕ್ಕಿಂತ ದೊಡ್ಡ ತೊಡಕು ತಂತ್ರಾಂಶದ್ದು. ನಮ್ಮ ಪುಟಗಳೆಲ್ಲ ಪೇಜ್‌ಮೇಕರಿನಲ್ಲಿ. ಫಿಲ್ಮು ತೆಗೆಯುವ ಯಂತ್ರಕ್ಕೆ ಅವು ಹೋಗುತ್ತಿದ್ದದ್ದು ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ. ಅಡೋಬಿ ಸಂಸ್ಥೆ 1984ರಲ್ಲಿ ಹೊರತಂದ ಭಾಷೆ ಅದು. ಅಗ್ಗದ ಇಂಕ್‌ಜೆಟ್ಟಿಗೆ ಆ ಭಾಷೆ ಬಾರದು. ಆದ್ದರಿಂದ ಪುಟದೊಳಗೆ ಕೂಡಿಸಿದ ಗಣಪತಿಯ ಚಿತ್ರದ ಬದಲು, ಪರದೆಯಲ್ಲಿ ತೋರಿಸಲೆಂದು ಇಟ್ಟ ಒರಟು ನೆರಳಚ್ಚು ಮಾತ್ರ ಮುದ್ರಣವಾಗುತ್ತದೆ. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯನ್ನು ಕಸುಬಿನವರು ರಿಪ್ ಎನ್ನುತ್ತಾರೆ. ಪೀಟರ್ ಡಾಯ್ಚ್ ಎಂಬಾತ 1988ರಲ್ಲಿ ಹಂಚಿದ ಘೋಸ್ಟ್‌ಸ್ಕ್ರಿಪ್ಟ್ ಪುಕ್ಕಟೆ ಸಿಗುತ್ತಿತ್ತು. ಯಜಮಾನರ ಸೋದರಳಿಯ, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಅದನ್ನು ತಂದು ಹಾಕಿದ. ಗಣಪತಿ ಲಕ್ಷಣವಾಗಿ ಬಂದ. ಆದರೆ ಅಕ್ಷರಶೈಲಿಯನ್ನು ಕಡತದೊಳಗೆ ಅಡಕ ಮಾಡದೆ ಕಳಿಸಿದ ದಿನ, 'ಶ್ರೀ'ಕಾರ ಇರಬೇಕಾದ ಕಡೆ ಇಂಗ್ಲಿಷ್ ಟೈಪ್‌ರೈಟರಿನ ಕೂರಿಯರ್ ಅಕ್ಷರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬಂತು. ಆಗಿನ ಕನ್ನಡ ತಂತ್ರಾಂಶಗಳು ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದವು. ಬಾಡಿಗೆದಾರ ಬರದಿದ್ದರೆ ಮನೆಯ ಮಾಲೀಕ ಬಂದು ಕೂರುತ್ತಿದ್ದ.

ನಮಗೆ ಬೇಕಾದದ್ದು ಬರಿಯ ಭಾಷಾಂತರವೂ ಅಲ್ಲ. ಇಂಕ್‌ಜೆಟ್ಟಿನ ಶಾಯಿ, ಅದರಲ್ಲೂ ಮೆಜೆಂಟಾ, ನಮ್ಮ ಆಫ್‌ಸೆಟ್ ಶಾಯಿಗಿಂತ ಶುಭ್ರ. ಒಳ್ಳೆಯ ಕಾಗದದ ಮೇಲೆ ಅದು ಕೊಡುವ ಹೊಳಪನ್ನು ನಮ್ಮ ಯಂತ್ರ ಏಳು ಜನ್ಮಕ್ಕೂ ಕೊಡದು. ಅದನ್ನೇ ಗಿರಾಕಿಗೆ ತೋರಿಸಿದರೆ ಪರದೆ ತೋರಿಸಿ ಕೆಟ್ಟ ಕಥೆಯೇ ಮತ್ತೆ. ಆದ್ದರಿಂದ ಮುದ್ರಕವನ್ನು ಹಿಡಿದು ಜಗ್ಗಿ, ನಮ್ಮ ಯಂತ್ರದಷ್ಟೇ ಮಂಕಾಗಿ ಹೊಡೆಯುವಂತೆ ಮಾಡುವ ತಂತ್ರಾಂಶ ಬೇಕಿತ್ತು. ದುಡ್ಡು ಕೊಟ್ಟು ತಂದ ಚಂದವನ್ನು ಇನ್ನಷ್ಟು ದುಡ್ಡು ಕೊಟ್ಟು ಇಳಿಸುವುದು ಎಂದರೆ ಯಜಮಾನರಿಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಕೊನೆಗೆ ಮುದ್ರಕದ ಬೆಲೆಯನ್ನೂ ಮೀರಿದ ಒಂದು ರಿಪ್ ಬಂತು, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗದೊಂದಿಗೆ.

ಅದನ್ನು ಪಳಗಿಸಿದವನು ಸಂಬಳ ಹಿಡಿಸಿಕೊಂಡ ಮೆಷಿನ್‌ಮನ್ನೇ. ಬಣ್ಣದ ಚೌಕಗಳ ಹಾಳೆಯೊಂದನ್ನು ನಮ್ಮ ಯಂತ್ರದಲ್ಲಿ, ನಮ್ಮ ಕಾಗದದ ಮೇಲೆ ಹೊಡೆದು, ಇಂಕ್‌ಜೆಟ್ ಹಾಳೆಯ ಪಕ್ಕದಲ್ಲಿ ಬಿಸಿಲಿಗೆ ಹಿಡಿದು ಹೋಲಿಸಬೇಕು. ಆರ್ಟ್ ಪೇಪರಿನ ಮೇಲೆ ಚುಕ್ಕೆ ಎಷ್ಟು ಊದುತ್ತದೆ, ಮ್ಯಾಪ್‌ಲಿಥೋ ಮೇಲೆ ಎಷ್ಟು ಹೆಚ್ಚು ಊದುತ್ತದೆ ಎಂಬುದು ಅವನ ಕಣ್ಣಿಗೆ ಗೊತ್ತಿತ್ತು. "ಇಲ್ಲಿ ಹಳದಿ ಸ್ವಲ್ಪ ಇಳಿಸಿ ಸಾರ್, ನಮ್ಮ ಮೆಷಿನ್ನಲ್ಲಿ ಇಷ್ಟು ಬರಲ್ಲ" ಎಂದು ಅವನು ಹೇಳುತ್ತಿದ್ದ. ಹುಡುಗ ಅಂಕಿ ಬದಲಿಸುತ್ತಿದ್ದ. ಹತ್ತಾರು ಹಾಳೆ ಕಳೆದ ಮೇಲೆ ಎರಡು ಕೆಂಪೂ ಒಂದಾದವು. ಅದೇ ಹೊತ್ತಿಗೆ ಹಳೆಯ ಲಗ್ನಪತ್ರಿಕೆಯ ಕಡತವನ್ನೂ ಯಜಮಾನರು ಹೊಡೆಸಿ ನೋಡಿದರು. ಬಂದದ್ದು ಇಟ್ಟಿಗೆಯ ಕೆಂಪೇ. ತಪ್ಪು ಪ್ಲೇಟಿಗಿಂತ ಹಿಂದೆಯೇ ಇತ್ತು. ಅವರು ಏನೂ ಮಾತಾಡಲಿಲ್ಲ. ಆಯುಧಪೂಜೆಯ ಇನಾಮಿನ ಲಕೋಟೆಯಲ್ಲಿ ಹಿಡಿದ ದುಡ್ಡಷ್ಟೂ ಸೇರಿ ಬಂತು. ಯಾವ ಬಾಬ್ತಿಗೆ ಬರೆಯಲಿ ಎಂದು ಕೇಳಿದ್ದಕ್ಕೆ, "ಇನಾಮು ಅಂತಲೇ ಬರಿ" ಎಂದರು. ಅದು ಇನಾಮಲ್ಲ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು.

ಆಮೇಲೆ ನಮ್ಮಲ್ಲಿ ಒಂದು ಪದ್ಧತಿ ಬಂತು. ಪ್ರೂಫಿನ ಮೇಲೆ ಗಿರಾಕಿಯ ರುಜು ಬೀಳದೆ ಪ್ಲೇಟು ಮಾಡುವಂತಿಲ್ಲ. ರುಜು ಬಿದ್ದ ಹಾಳೆ ಯಂತ್ರದ ಪಕ್ಕದ ಗೋಡೆಯ ಮೇಲೆ. ಅದಕ್ಕೆ ಹೊಂದಿದರೆ ಮೆಷಿನ್‌ಮನ್ ಗೆದ್ದ.

ಖರ್ಚೇನೂ ಕಡಿಮೆಯಿರಲಿಲ್ಲ. ಲೇಪನವಿರುವ ಕಾಗದವೇ ಬೇಕು. ನಾಲ್ಕು ದಿನ ಸುಮ್ಮನಿಟ್ಟರೆ ಬಾಯಿ ಕಟ್ಟುತ್ತದೆ. ತೊಳೆಯಲು ಮತ್ತೆ ಶಾಯಿಯೇ ಬೇಕು. ಗುಂಡಿ ಒತ್ತಿ ಆರಿಸಿದರೆ ಅದು ತನ್ನ ಬಾಯಿಗೆ ತಾನೇ ಮುಚ್ಚಳ ಹಾಕಿಕೊಂಡು ಮಲಗುತ್ತದೆ. ಕರೆಂಟು ಹೋಗಿ ನಿಂತರೆ ಬಾಯಿ ತೆರೆದುಕೊಂಡೇ ಒಣಗುತ್ತದೆ. ಹೀಗಾಗಿ ಯು.ಪಿ.ಎಸ್.ನ ಖರ್ಚೂ ಮುದ್ರಕದ ಲೆಕ್ಕಕ್ಕೇ ಸೇರಿತು.

ಈಗ ಕಾಲ ಬದಲಾಗಿದೆ. ಬಾಟಲಿಯಿಂದ ಶಾಯಿ ಸುರಿಯುವ ಮುದ್ರಕವನ್ನು ಎಪ್ಸನ್ 2010ರಲ್ಲಿ ಇಂಡೋನೇಷ್ಯಾದಲ್ಲಿ ತಂದು, ಮರುವರ್ಷ ಭಾರತಕ್ಕೂ ತಂದಿತು. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ವಂತ ಮನೆಯಿದೆ. ಪಿ.ಡಿ.ಎಫ್. ಮಾಡಿದರೆ ಅಕ್ಷರಶೈಲಿ ಸಾಮಾನ್ಯವಾಗಿ ಒಳಗೇ ಕೂತು ಬರುತ್ತದೆ. ಆದರೂ ಯಾರಾದರೂ ಕಚೇರಿಗೆ ಮುದ್ರಕ ಯಾವುದು ಒಳ್ಳೆಯದೆಂದು ಕೇಳಿದರೆ, ನಿಮ್ಮದೇ ಒಂದು ಪುಟ ಒಯ್ಯಿರಿ, ಕನ್ನಡದ ಚಿಕ್ಕ ಅಕ್ಷರ ಇರುವಂಥದ್ದು, ಎನ್ನುತ್ತೇನೆ. ಅದನ್ನು ಹೊಡೆಸಿ ಬಿಸಿಲಿಗೆ ಬನ್ನಿ. ಸಾಧ್ಯವಿದ್ದರೆ, ಆ ಹಾಳೆ ನೋಡಿ ಕೆಲಸ ಮಾಡಬೇಕಾದವನನ್ನೂ ಜೊತೆಗೆ ಕರೆದುಕೊಂಡು ಹೋಗಿ.